ತಾಯಿಗೆ: ಹತ್ತೊಂಬತ್ತು

ಅಕ್ಟೋಬರ್ 16, ಸೋಮವಾರ. ಹಿಹೋನ್

'ಹೇಳದೆ ಉಳಿದ ಮಾತು ಮನೆಯೊಳಗೇ ಕೂತು ಮುದುಕಿಯಾಗುತ್ತದೆ.' ಬಸ್ಸು ಬೆನವೆಂತೆ ಊರು ದಾಟುವಾಗ ಈ ಸಾಲು ನೆನಪಿಗೆ ಬಂತು. ಯಾರ ಪದ್ಯ, ಇದರ ಹಿಂದಿನ ಸಾಲು ಯಾವುದು, ಒಂದೂ ಹೊಳೆಯಲಿಲ್ಲ. 'ಮನೆಯೊಳಗೆ' ಎಂದಿತ್ತೋ 'ಎದೆಯೊಳಗೆ' ಎಂದಿತ್ತೋ? ಅದಿರಲಿ, ಈ ಮಾತು ನಿಜವೇ? ನಾನು ಕಂಡ ಮಟ್ಟಿಗೆ ಅಂಥ ಮಾತುಗಳಿಗೆ ವಯಸ್ಸಾಗುವುದಿಲ್ಲ. ಹುಟ್ಟಿದ ದಿನ ಯಾವ ಕುರ್ಚಿಯಲ್ಲಿ ಕೂತವೋ ಅದೇ ಕುರ್ಚಿಯಲ್ಲಿ, ಅಷ್ಟೇ ಗಟ್ಟಿಯಾಗಿ ಕೂತಿರುತ್ತವೆ. ಫೋನಿನಲ್ಲಿ ಹುಡುಕಿದೆ, ಸಿಗಲಿಲ್ಲ.

ಒಂದು ವಾರದ ರಜೆ. ಊರು ನೋಡುತ್ತೇನೆ, ಸಮುದ್ರ ನೋಡುತ್ತೇನೆ, ಚೆನ್ನಾಗಿ ಉಣ್ಣುತ್ತೇನೆ ಎಂದು ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೇನೆ. ಹಿಮೇನಾಳಿಗೂ ಹಾಗೇ ಬರೆದೆ: 'ಒಂದು ವಾರ ನಿನ್ನ ಊರಿನಲ್ಲಿರುತ್ತೇನೆ. ಬಿಡುವಾದರೆ ಒಂದು ಕಾಫಿ.' ಓದಿದ್ದಾಳೆ. ಉತ್ತರವಿಲ್ಲ. ಹನ್ನೊಂದು ತಿಂಗಳಿಂದ ನನ್ನ ಮಗಳು ನನಗೆ ಉತ್ತರ ಕೊಟ್ಟಿಲ್ಲ.

ಬೆಳಿಗ್ಗೆ ಹೊರಡುವಾಗ ಎದುರುಮನೆಯ ಫೆಲಿಸಾಗೆ ಕೀಲಿ ಕೊಟ್ಟೆ. ಬಾಲ್ಕನಿಯ ಜೆರೇನಿಯಂ ಗಿಡಗಳಿಗೆ ನೀರು ಹಾಕಬೇಕಲ್ಲ. ಎಪ್ಪತ್ತೆಂಟರ ಹೆಂಗಸು, ಮಂಡಿ ಸರಿಯಿಲ್ಲ, ನಾಲಿಗೆ ಸರಿಯಾಗಿದೆ.

"ಒಬ್ಳೇ ಹೋಗ್ತಿದೀಯಾ? ಊರು ನೋಡೋಕೆ? ಅಕ್ಟೋಬರಲ್ಲಿ ಆಸ್ತೂರಿಯಾಸಲ್ಲಿ ಮಳೆ ಬಿಟ್ಟು ನೋಡೋದೇನಿದೆಯೇ ನಿಯೆವೆಸ್?"

"ಸಮುದ್ರ ಇದೆಯಲ್ಲ ಫೆಲಿಸಾ."

"ಮಗಳನ್ನ ನೋಡೋಕೆ ಅನ್ನು. ನಾಲಿಗೆ ಸವೆಯುತ್ತಾ?"

ನಾನು ಕೊಟ್ಟಿದ್ದು ನಮ್ಮ ಮನೆಯದೇ, ಹಿಮೇನಾಳ ಬಳಿ ಇದ್ದ ಕೀಲಿ. ಅವಳ ಅಪ್ಪನ ಮಣ್ಣಾದ ಮರುದಿನ ಅದನ್ನು ಅಡುಗೆಮನೆಯ ಮೇಜಿನ ಮೇಲೆ, ಬ್ರೆಡ್ ಕತ್ತರಿಸುವ ಚಾಕುವಿನ ಪಕ್ಕ ಇಟ್ಟು ಹೋದಳು. ಅದಕ್ಕೆ ಅವಳು ಕಟ್ಟಿದ್ದ ಹಸಿರು ದಾರ ಇನ್ನೂ ಹಾಗೇ ಇದೆ.

ನಡೆದದ್ದನ್ನು ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. ಹೋದ ನವೆಂಬರಿನಲ್ಲಿ ನನ್ನ ಗಂಡ ಎಲಾದಿಯೊ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ. ಇಳಿಮುಖವಾಗಿದೆ ಎಂದು ಡಾಕ್ಟರು ಹೇಳಿದ್ದರಿಂದ, ನೀನು ನಿನ್ನ ಆಟಕ್ಕೆ ಹೋಗು ಎಂದು ಅವನೇ ಮಗಳನ್ನು ಕಳಿಸಿದ. ಹಿಮೇನಾ ಫುಟ್‌ಬಾಲ್ ರೆಫರಿ. ಭಾನುವಾರ ಮಧ್ಯಾಹ್ನ ಅವನಿಗೆ ಜೋರಾಯಿತು. ಅವಳು ಇನ್ನೂರೈವತ್ತು ಕಿಲೋಮೀಟರ್ ಆಚೆ ಇದ್ದಳು. 'ಆಟ ಮುಗಿಯಲಿ, ಆಮೇಲೆ ಹೇಳು' ಎಂದ ಎಲಾದಿಯೊ. ನಾನು ಕಾದೆ. ಆಟ ಮುಗಿಯುವ ಮೊದಲೇ ಅವನು ಹೋದ. ಗಂಡನ ಕೊನೆಯ ಮಾತನ್ನು ನಡೆಸಿಕೊಟ್ಟೆ, ಅಷ್ಟೇ. ನಾದಿನಿಗೆ ಹೇಳಿದೆ, ಪಾದ್ರಿಗೆ ಹೇಳಿದೆ, ಫೆಲಿಸಾಗೆ ಹೇಳಿದೆ. ಎಲ್ಲರೂ ನಂಬಿದರು. ಹಿಮೇನಾ ಮಾತ್ರ, "ಅಪ್ಪ ಹಾಗೆ ಹೇಳೋನಲ್ಲ" ಎಂದಳು.

ಕೋಣೆಯ ಕಿಟಕಿಗೆ ಗೋಡೆ ಕಾಣುತ್ತದೆ. ಸಮುದ್ರ ಕೇಳಿಸುತ್ತದೆ.

ಅಕ್ಟೋಬರ್ 17, ಮಂಗಳವಾರ

ಇಲ್ಲಿನ ಕಡಲ ದಂಡೆಗೆ ಇಳಿಯುವ ಮೆಟ್ಟಿಲುಗಳಿಗೆ ನಂಬರು ಕೊಟ್ಟಿದ್ದಾರೆ. ಎಲ್ಲಿ ಸಿಗೋಣ ಎಂದರೆ ಜನ ನಂಬರು ಹೇಳುತ್ತಾರೆ. ಎಂಟನೆಯ ಮೆಟ್ಟಿಲ ಹತ್ತಿರ ಮನೆ ಸಿಕ್ಕಿತು ಎಂದು ಎರಡು ವರ್ಷದ ಹಿಂದೆ ಹಿಮೇನಾ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು. ಮನೆಯ ನಂಬರು ಮಾತ್ರ ಗೊತ್ತಿಲ್ಲ. ಬೆಳಿಗ್ಗೆಯೆಲ್ಲ ಒಂದರಿಂದ ಹದಿನೈದರವರೆಗೆ ನಡೆದೆ, ಮತ್ತೆ ತಿರುಗಿ ಬಂದೆ. ಎಂಟರ ಹತ್ತಿರ ಎರಡೂ ಸಲ ಶೂಗೆ ಮರಳು ಸೇರಿತು ಎಂದು ನಿಂತೆ. ಮರಳು ಇರಲಿಲ್ಲ.

ಮಧ್ಯಾಹ್ನ ಸೇಬಿನ ಮದ್ಯ ಸಿದ್ರಾ ಕೊಡುವ ಒಂದು ಅಂಗಡಿಗೆ ಹೋದೆ. ಬಡಿಸುವವಳು ನನ್ನ ವಯಸ್ಸಿನವಳೇ, ದಪ್ಪ ತೋಳು.

"ಎಷ್ಟು ಜನ?"

"ಒಬ್ಬಳೇ."

"ಸಿದ್ರಾ ಬಾಟಲಿ ಒಬ್ಬರಿಗೆ ಆಗೋದಲ್ಲ. ಆಗ್ಲಿ, ಕೂತ್ಕೊಳ್ಳಿ."

ತಲೆಯ ಮೇಲೆ ಬಾಟಲಿ ಎತ್ತಿ, ಸೊಂಟದ ಕೆಳಗೆ ಲೋಟ ಹಿಡಿದು, ಬೇರೆಲ್ಲೋ ನೋಡುತ್ತ ಸುರಿದಳು. ಲೋಟದ ತಳದಲ್ಲಿ ಎರಡು ಬೆರಳಷ್ಟು ನೊರೆ. ನಾನು ಒಂದು ಗುಟುಕು ಕುಡಿದು ಕೆಳಗಿಟ್ಟೆ.

"ಅಯ್ಯೋ, ಇಡ್ತೀರಲ್ರೀ! ಇದೇನು ಔಷಧಿನಾ? ಒಂದೇ ಸಲ ಎತ್ತಬೇಕು. ಇಟ್ರೆ ಸತ್ತುಹೋಗುತ್ತೆ."

ಆಕೆ ಲೋಕಾಭಿರಾಮವಾಗಿ ಹೇಳಿದ ಮಾತು. ನನಗೆ ಊಟ ಸೇರಲಿಲ್ಲ. ಪಕ್ಕದ ಮೇಜಿನಲ್ಲಿ ಆರು ಜನ ಒಂದೇ ಲೋಟದಲ್ಲಿ ಸರದಿಯಂತೆ ಕುಡಿಯುತ್ತಿದ್ದರು. ಪ್ರತಿಯೊಬ್ಬರೂ ಕೊನೆಯ ಹನಿಯನ್ನು ತಾವು ತುಟಿಯಿಟ್ಟ ಕಡೆಯಿಂದ ನೆಲಕ್ಕೆ ಚೆಲ್ಲಿ ಮುಂದಿನವರಿಗೆ ಕೊಡುತ್ತಿದ್ದರು. ನನ್ನ ಲೋಟವನ್ನು ನಾನೂ ಹಾಗೇ ಚೆಲ್ಲಿದೆ. ಕೊಡಲು ಯಾರೂ ಇರಲಿಲ್ಲ.

ಅಕ್ಟೋಬರ್ 19, ಗುರುವಾರ

ಯಾವ ಆಟಕ್ಕೆ ಯಾರು ರೆಫರಿ ಎಂಬುದನ್ನು ಫೆಡರೇಶನ್ನಿನವರು ಇಂದು ಜಾಲತಾಣದಲ್ಲಿ ಹಾಕಿದರು. ಭಾನುವಾರ, ಮಧ್ಯಾಹ್ನ ಹನ್ನೆರಡು, ವಾಲ್ಮೊರಾ. ಗಣಿ ಕಣಿವೆಯ ಊರು. ಅವಳ ಹೆಸರಿನ ಜೊತೆ ಎರಡು ಮನೆತನದ ಹೆಸರು: ಮೊದಲು ಅಪ್ಪನದು, ನಂತರ ನನ್ನದು. ಅದನ್ನು ಅಲ್ಲಿಂದ ಅವಳು ತೆಗೆಯಲಾರಳು.

ನಿನ್ನೆ ಒವಿಯೆದೊಗೆ ಹೋಗಿದ್ದೆ. ಬೆಟ್ಟದ ಮೇಲಿನ ಹಳೆಯ ಚರ್ಚಿನ ಮುಂದೆ ಒಂದು ಜೋಡಿ ಫೋಟೋ ತೆಗೆದುಕೊಡಿ ಎಂದರು. ತೆಗೆದುಕೊಟ್ಟೆ. "ನಿಮ್ಮದೂ ತೆಗೀತೀವಿ ಕೊಡಿ" ಎಂದರು. ಬೇಡ ಎಂದೆ. ಮಳೆ ಬಂತು.

ಎಲಾದಿಯೊನ ನೋಟುಪುಸ್ತಕ ತಂದಿದ್ದೇನೆ. ಅದನ್ನು ಅವಳಿಗೆ ಕೊಡಬೇಕು. ಹಿಮೇನಾ ಹದಿನೇಳನೆಯ ವಯಸ್ಸಿನಲ್ಲಿ ಮಕ್ಕಳ ಆಟಗಳಿಗೆ ಸೀಟಿ ಊದಲು ಶುರುಮಾಡಿದಾಗಿನಿಂದ ಅವನು ನೋಡಿದ ಒಂದೊಂದು ಆಟಕ್ಕೂ ಅರ್ಧ ಪುಟ. ತಾರೀಕು, ಊರು, ಹವೆ. ನಂತರ ಹೀಗೆ:

'32ನೇ ನಿಮಿಷ ಪೆನಾಲ್ಟಿ ಕೊಟ್ಟಳು. ಸರಿಯಾದದ್ದೇ. ಪಕ್ಕದವನಿಗೆ ಹೇಳಿದೆ, ಒಪ್ಪಲಿಲ್ಲ. ಆಲೂಗಡ್ಡೆ ಆಮ್ಲೆಟ್ ಒಣಗಿತ್ತು. ತಾಯಿಗೆ: 14.'

ಆ ಕೊನೆಯ ಲೆಕ್ಕ ನನ್ನದು. ನಮ್ಮ ಕಡೆ ರೆಫರಿಗೆ ಬಯ್ಯುವುದಿಲ್ಲ, ರೆಫರಿಯ ತಾಯಿಗೆ ಬಯ್ಯುತ್ತಾರೆ. ಎಲಾದಿಯೊ ಅವನ್ನು ಎಣಿಸುತ್ತಿದ್ದ. ಭಾನುವಾರ ಸಂಜೆ ಮನೆಗೆ ಬಂದು ಕೋಟು ತೆಗೆಯುವ ಮೊದಲೇ, "ಇವತ್ತು ನಿನಗೆ ಹದಿನಾಲ್ಕು ಬಿತ್ತು ಕಣೇ" ಎನ್ನುವನು. ಅಪ್ಪ ಮಗಳು ಬಿದ್ದು ಬಿದ್ದು ನಗುವರು. ಇಪ್ಪತ್ತೆರಡು ಬಿದ್ದ ದಿನ ಇಬ್ಬರೂ ಸೇರಿ ನನಗೆ ಕೇಕು ತಂದಿದ್ದರು. ನಾನು ಪುಸ್ತಕದಿಂದ ತಲೆಯೆತ್ತಿ, "ಒಳ್ಳೇ ಮರ್ಯಾದೆ" ಎನ್ನುವೆ, ಮತ್ತೆ ಓದುವೆ. ಊಟಕ್ಕೆ ಕೂತರೆ ಅದೇ ಮಾತು, ಆಫ್‌ಸೈಡು, ಹಳದಿ ಕಾರ್ಡು. ಉಪ್ಪು ಕೊಡು ಎಂದು ಕೇಳಲೂ ಅವರ ಮಾತು ನಿಲ್ಲುವುದನ್ನು ಕಾಯಬೇಕಿತ್ತು.

ಏಳು ವರ್ಷದಲ್ಲಿ ಒಂದು ಆಟಕ್ಕೂ ನಾನು ಹೋಗಿಲ್ಲ. ಯಾರೂ ಕರೆಯಲಿಲ್ಲ ಎಂದು ಬರೆಯಹೊರಟಿದ್ದೆ. ಮೊದಲ ವರ್ಷ ಕರೆದಿದ್ದರು.

ಪುಸ್ತಕದ ಕೊನೆಯ ಬರಹ ಹೋದ ನವೆಂಬರಿನದು. ಆಸ್ಪತ್ರೆಯ ಹಾಸಿಗೆಯಲ್ಲಿ ಬೆಳಿಗ್ಗೆ ಬರೆದದ್ದು. ತಾರೀಕು ಇದೆ, ಊರು ಇದೆ, 'ಸಂಜೆ 4.30' ಎಂದಿದೆ. ಕೆಳಗೆ ಖಾಲಿ. ರಾತ್ರಿ ಅವಳು ಫೋನು ಮಾಡಿದಾಗ ಕೇಳಿ ತುಂಬಿಸಿಕೊಳ್ಳಬೇಕೆಂದಿದ್ದ.

ಅಕ್ಟೋಬರ್ 21, ಶನಿವಾರ

ಮಳೆ. ಹೊರಗೆ ಹೋಗಲಿಲ್ಲ.

ಭಾನುವಾರ ಅವಳಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. 'ಅಪ್ಪ ಹೇಳಿದ್ದರಿಂದಲೇ ನಾನು' ಎಂಬಲ್ಲಿಗೆ ಬಂದು ಪ್ರತಿ ಸಲವೂ ಮಾಸ್ಕ್ ಅಡ್ಡ ಬರುತ್ತದೆ. ಅವನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು. ಮಾತಾಡಬೇಕಾದರೆ ಕೈಯಿಂದ ಪಕ್ಕಕ್ಕೆ ಸರಿಸಬೇಕಿತ್ತು. ಆ ಮಧ್ಯಾಹ್ನ ಎರಡು ಸಲ ಸರಿಸಿದ. ಎರಡು ಸಲ ಮಾತ್ರ. ಅದು ನನಗೆ ಚೆನ್ನಾಗಿ ನೆನಪಿದೆ.

ಇವತ್ತು ಇಷ್ಟು ಸಾಕು.

ಅಕ್ಟೋಬರ್ 22, ಭಾನುವಾರ

ಕೈ ಇನ್ನೂ ತಣ್ಣಗಿದೆ. ಆದರೂ ಬರೆಯುತ್ತೇನೆ.

ವಾಲ್ಮೊರಾದ ಮೈದಾನ ಊರಿನ ಮೇಲೆ, ಮುಚ್ಚಿದ ಗಣಿಯ ಪಕ್ಕದಲ್ಲಿದೆ. ಒಂದೇ ಕಡೆ ಸಿಮೆಂಟಿನ ಮೆಟ್ಟಿಲು, ಮೇಲೆ ತಗಡು. ಮುನ್ನೂರು ಜನ ಇದ್ದರೇನೋ. ನನ್ನ ಪಕ್ಕ ಕೂತವನು ಟೋಪಿ ಹಾಕಿದ ಮುದುಕ, ಸೆಲ್ಸೊ ಎಂದು ಹೆಸರು. ಕೂತ ಕೂಡಲೇ ಕೋಟಿನ ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು ಚಾಚಿದ.

"ತಗೊಳ್ಳಿ ಅಮ್ಮಾ. ಬಾಯಾಡ್ತಾ ಇದ್ರೆ ಚಳಿ ಗೊತ್ತಾಗಲ್ಲ. ಯಾರ ಕಡೆ ನೀವು?"

"ಯಾರ ಕಡೆಯೂ ಇಲ್ಲ."

"ಯಾರ ಕಡೆಯೂ ಇಲ್ದೆ ಈ ಗುಡ್ಡ ಹತ್ತಿ ಬಂದ್ರಾ? ರೆಫರಿ ಮನೆಯವರು ಮಾತ್ರ ಹಂಗನ್ನೋದು!" ಅಂದು ತನ್ನ ಮಾತಿಗೆ ತಾನೇ ನಕ್ಕ.

ಅವಳು ಹೊರಗೆ ಬಂದಳು. ಕೂದಲು ಕತ್ತರಿಸಿಕೊಂಡಿದ್ದಾಳೆ. ತೆಳ್ಳಗಾಗಿದ್ದಾಳೆ. ಕಪ್ಪು ಅಂಗಿ. ನಾಣ್ಯ ಚಿಮ್ಮುವಾಗ ಎಡಗಾಲಿನ ಮೇಲೆ ಭಾರ ಹಾಕಿ ನಿಂತಳು, ಎಲಾದಿಯೊ ಬಸ್ಸಿಗೆ ಕಾಯುವಾಗ ನಿಲ್ಲುತ್ತಿದ್ದ ಹಾಗೆ. ನಾನು ನೋಟುಪುಸ್ತಕ ತೆರೆದು ಹೊಸ ಪುಟದಲ್ಲಿ ತಾರೀಕು ಬರೆದೆ. ವಾಲ್ಮೊರಾ. ತುಂತುರು.

ಮೊದಲನೆಯದು ಆರನೇ ನಿಮಿಷದಲ್ಲೇ ಬಿತ್ತು. "ನಿನ್ನವ್ವ ಕಣ್ಣು ಮುಚ್ಕೊಂಡು ಹೆತ್ಲೇನೇ!" ಕೇಳಿ ಕೇಳಿ ಸವೆದ ತಮಾಷೆ ಎಂದುಕೊಂಡಿದ್ದೆ. ಯಾರು ಕೂಗಿದ್ದೆಂದು ತಿರುಗಿ ನೋಡಿದೆ. ಒಂದು ಗೆರೆ ಎಳೆದೆ. ಆಮೇಲೆ ಒಂದರ ಹಿಂದೊಂದು. ನನ್ನ ಕಸುಬಿನ ಬಗ್ಗೆ, ನನ್ನ ನಡತೆಯ ಬಗ್ಗೆ, ಅವಳ ಅಪ್ಪ ಯಾರೆಂದು ನನಗೇ ಗೊತ್ತಿಲ್ಲದ ಬಗ್ಗೆ. ಅವಳು ಒಂದಕ್ಕೂ ತಿರುಗಿ ನೋಡಲಿಲ್ಲ. ಓಡಿದಳು, ನಿಂತಳು, ಕೈ ತೋರಿಸಿದಳು. ತನಗಿಂತ ಒಂದು ಮೊಳ ಎತ್ತರದ ಗಂಡಸು ಮುಖಕ್ಕೆ ಮುಖ ಕೊಟ್ಟು ಕೂಗಿದಾಗ ಮೆಲ್ಲಗೆ ಏನೋ ಹೇಳಿದಳು, ಅವನು ಹಿಂದೆ ಸರಿದ. ಇದನ್ನು ಎಲಾದಿಯೊ ಎಷ್ಟೋ ಸಲ ಹೇಳಿದ್ದ. ನಾನು ಪುಟ ತಿರುಗಿಸುತ್ತ ಕೇಳಿದ್ದೆ.

"ಮನೆಗ್ ಹೋಗೇ! ನಿನ್ನವ್ವ ಕಾಯ್ತಿದಾಳೆ!" ಎಂದು ಯಾರೋ ಹೆಂಗಸು ಕೂಗಿದಳು. ಅದಕ್ಕೆ ಗೆರೆ ಎಳೆಯಲು ತಡವಾಯಿತು.

ಎಂಬತ್ತೊಂದನೇ ನಿಮಿಷದಲ್ಲಿ ಊರಿನವರ ವಿರುದ್ಧ ಪೆನಾಲ್ಟಿ ಕೊಟ್ಟಳು. ಸೆಲ್ಸೊ ಎದ್ದು ನಿಂತ. ಬೀಜದ ಸಿಪ್ಪೆಯೆಲ್ಲ ನನ್ನ ಮಡಿಲಿಗೆ.

"ಥೂ! ಯಾರೇ ನಿನ್ನ ಹೆತ್ತೋಳು? ಎಂಥೋಳೇ ಅವಳು?"

"ನಾನು" ಎಂದೆ.

"ಏನು?"

"ಹೆತ್ತವಳು. ನಾನೇ."

ಮುದುಕ ನನ್ನನ್ನು ನೋಡಿದ, ಮೈದಾನ ನೋಡಿದ, ಮತ್ತೆ ನನ್ನನ್ನು ನೋಡಿದ. ಕೂತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಅಮ್ಮಾ, ಅದು ನಿಮಗೆ ಅಂದಿದ್ದಲ್ಲ. ಅದು... ಹಂಗೇ ರೂಢಿ. ಐವತ್ತು ವರ್ಷದಿಂದ ಬಯ್ತಿದೀನಿ. ಒಬ್ಬ ತಾಯಿನೂ ಉತ್ತರ ಕೊಟ್ಟಿರ್ಲಿಲ್ಲ."

"ನೀವು ಕೇಳಿದ್ರಲ್ಲಿ ತಪ್ಪೇನಿಲ್ಲ."

ಅವನು ಹಿಂದೆ ತಿರುಗಿ ಪಿಸುಗುಟ್ಟಿದ. ಸಾಲಿನಿಂದ ಸಾಲಿಗೆ ಸುದ್ದಿ ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದಿನವನೊಬ್ಬ ಎದ್ದು, "ಏ ರೆಫರಿ, ನಿನ್ನ..." ಎಂದು ಬಾಯಿ ತೆರೆದು, ನನ್ನ ಕಡೆ ನೋಡಿ, "ನಿನ್ನ ಚಿಕ್ಕಪ್ಪನ!" ಎಂದು ಮುಗಿಸಿದ.

ಸೆಲ್ಸೊ ಮತ್ತೆ ಬೀಜ ಚಾಚಿದ. ಕೊನೆಗೆ ತಡೆಯಲಾರದೆ ಹೇಳಿದ: "ಆದ್ರೂ ಅದು ಪೆನಾಲ್ಟಿ ಅಲ್ಲ."

"ಪೆನಾಲ್ಟಿನೇ" ಎಂದೆ. ನನಗೆ ನಿಯಮ ಗೊತ್ತಿಲ್ಲ.

ಆಟ ಮುಗಿದ ಮೇಲೆ ರೆಫರಿ ಕೋಣೆಯ ಹಿಂಬಾಗಿಲಲ್ಲಿ, ಕಸದ ಡಬ್ಬಿಗಳ ಪಕ್ಕ ಕಾದೆ. ಅರ್ಧ ಗಂಟೆಯಾಯಿತು. ಒದ್ದೆ ಕೂದಲು, ಹೆಗಲಿಗೆ ಚೀಲ, ಹೊರಗೆ ಬಂದಳು. ಬೆಚ್ಚಲಿಲ್ಲ. ಎರಡನೇ ಅರ್ಧದಲ್ಲೇ ನೋಡಿದ್ದಳಂತೆ.

"ಕಾರು ಕಾಯ್ತಿದೆ" ಎಂದಳು.

"ಎರಡು ನಿಮಿಷ. ಅಪ್ಪ ಆವತ್ತು..."

"ಆಟ ಮುಗಿಯಲಿ ಅಂದ. ಗೊತ್ತು. ಎಷ್ಟು ಸಲ ಹೇಳ್ತೀಯಮ್ಮ?"

"ಅನ್ನಲಿಲ್ಲ."

ಚೀಲ ಕೆಳಗಿಟ್ಟಳು.

"ಅವನು ಹಾಗೆ ಅನ್ನಲಿಲ್ಲ. ಮೂರೂಕಾಲಿಗೆ ಮಾಸ್ಕ್ ಸರಿಸಿ, ಹುಡುಗಿಗೆ ಫೋನ್ ಮಾಡು ಅಂದ. ನಾಲ್ಕಕ್ಕೆ ಇನ್ನೊಂದು ಸಲ ಅಂದ. ಆಮೇಲೆ ಮಾತಾಡಲಿಲ್ಲ."

"ಆಟ ನಾಲ್ಕೂವರೆಗೆ ಇತ್ತು" ಎಂದಳು ಹಿಮೇನಾ. "ನಾಲ್ಕೂಕಾಲಿನವರೆಗೆ ಫೋನು ನನ್ನ ಕೈಯಲ್ಲೇ ಇತ್ತು."

"ನನ್ನ ಕೈಯಲ್ಲೂ ಇತ್ತು."

"ಮತ್ತೆ ಯಾಕೆ?"

ಇದಕ್ಕೆ ಉತ್ತರ ಹನ್ನೊಂದು ತಿಂಗಳು ನನಗೂ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

"ಒಂದು ಸಲ ಅವನು ನಿನ್ನ ಬದಲು ನಾನು ಬೇಕು ಅನ್ಲಿ ಅಂತ ಕಾದೆ" ಎಂದೆ.

ಒಳಗೆ ಯಾರೋ ಶವರ್ ನಿಲ್ಲಿಸಿದರು. ಹಿಮೇನಾ ನನ್ನನ್ನೇ ನೋಡುತ್ತಿದ್ದಳು. ಕೂಗುತ್ತಾಳೆ ಎಂದುಕೊಂಡೆ. ಆ ಎತ್ತರದ ಗಂಡಸಿಗೆ ಹೇಳಿದಷ್ಟೇ ಮೆಲ್ಲಗೆ ಹೇಳಿದಳು:

"ಪಕ್ಕದಲ್ಲೇ ಇರೋಳನ್ನ ಯಾರಾದ್ರೂ ಬೇಕು ಅಂತ ಕೇಳ್ತಾರೇನಮ್ಮ?"

ನೋಟುಪುಸ್ತಕ ಕೊಟ್ಟೆ. ಹಿಂದಿನಿಂದ ತೆರೆದಳು. ಮೊದಲು ನನ್ನ ಪುಟ ಸಿಕ್ಕಿತು. 'ವಾಲ್ಮೊರಾ. ತುಂತುರು. 81ನೇ ನಿಮಿಷ ಪೆನಾಲ್ಟಿ ಕೊಟ್ಟಳು. ತಾಯಿಗೆ: 19.' ಅದರ ಹಿಂದಿನದು ಅಪ್ಪನ ಖಾಲಿ ಪುಟ. ಅದರ ಮೇಲೆ ಹೆಬ್ಬೆರಳಿಟ್ಟುಕೊಂಡು ತುಂಬಾ ಹೊತ್ತು ನಿಂತಳು. ಕಾರಿನ ಹಾರ್ನ್ ಎರಡು ಸಲ ಆಯಿತು. ಪುಸ್ತಕ ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಹತ್ತೊಂಬತ್ತೇನಾ?" ಎಂದಳು. "ಕಮ್ಮಿ ಆಯ್ತು."

ಹೋದಳು. ತಿರುಗಿ ನೋಡಲಿಲ್ಲ. ಗುಡ್ಡದ ಕೆಳಗೆ ಬಸ್ಸಿಗೆ ಒಂದು ಗಂಟೆ ಕಾದೆ. ಸೆಲ್ಸೊ ಆ ದಾರಿಯಲ್ಲೇ ಬಂದವನು ನನ್ನನ್ನು ಕಂಡು, ಉಳಿದ ಬೀಜದ ಪೊಟ್ಟಣ ಬೆಂಚಿನ ಮೇಲಿಟ್ಟು ಹೋದ.

ಅಕ್ಟೋಬರ್ 23, ಸೋಮವಾರ

ಮಳೆ ಬಿಟ್ಟಿದೆ. ಹತ್ತೂವರೆಯವರೆಗೆ ಮಲಗಿದ್ದೆ, ನನಗೆ ಅಭ್ಯಾಸವಿಲ್ಲದ್ದು. ಮತ್ತೆ ಅದೇ ಸಿದ್ರಾ ಅಂಗಡಿಗೆ ಹೋಗಿ ದೊಡ್ಡ ಬಿಳಿ ಬೀನ್ಸ್ ಕಾಳಿನ ಸಾರು ಪೂರ್ತಿ ಉಂಡೆ. ಲೋಟ ಒಂದೇ ಸಲ ಎತ್ತಿದೆ. "ಈಗ ನೋಡಿ, ಬಂತು ನಿಮಗೆ" ಎಂದಳು ಬಡಿಸುವವಳು.

ಎಂಟನೆಯ ಮೆಟ್ಟಿಲ ಹತ್ತಿರ ಹೋಗಲಿಲ್ಲ.

ಮಾತು ಮುದುಕಿಯಾಗುವ ಆ ಸಾಲನ್ನು ಮತ್ತೆ ಹುಡುಕಿದೆ. ಎಲ್ಲೂ ಇಲ್ಲ. ಬಹುಶಃ ಯಾವ ಕವಿಯದೂ ಅಲ್ಲ, ನಾನೇ ಕಟ್ಟಿ ಬೇರೆಯವರ ಬಾಯಿಗೆ ಹಾಕಿದ್ದು. ನನಗೆ ಆ ಚಾಳಿ ಇದೆ.

ಅಕ್ಟೋಬರ್ 24, ಮಂಗಳವಾರ. ಸಮೋರಾ

ಬಸ್ಸು ನಾಲ್ಕು ಗಂಟೆಗೆ ನಮ್ಮೂರಿಗೆ ಬಂತು. ಲಿಫ್ಟ್ ಕೆಟ್ಟಿದೆ. ಮೂರು ಮಹಡಿ ಪೆಟ್ಟಿಗೆ ಹೊತ್ತುಕೊಂಡು ಹತ್ತಿದೆ. ನಾದಿನಿಗೂ ಪಾದ್ರಿಗೂ ನಿಜ ಯಾವಾಗ ಹೇಳುವುದು, ಮೊದಲು ಯಾರಿಗೆ, ಎಂದು ಲೆಕ್ಕ ಹಾಕುತ್ತ ಬಾಗಿಲು ತೆಗೆದೆ. ಮನೆಯೊಳಗೆ ಒದ್ದೆ ಮಣ್ಣಿನ ವಾಸನೆ. ಗಿಡಗಳ ತಟ್ಟೆ ತುಂಬಿ ಬಾಲ್ಕನಿಯ ನೆಲಕ್ಕೆಲ್ಲ ನೀರು ಹರಿದಿದೆ. ಎಷ್ಟು ಹಾಕಬೇಕೆಂದು ಗೊತ್ತಿಲ್ಲದವರು ಹಾಕಿದ ನೀರು. ಅಡುಗೆಮನೆಯಲ್ಲಿ ಎಲಾದಿಯೊನ ಕುರ್ಚಿ ಮೇಜಿನಿಂದ ಹೊರಕ್ಕೆ ಎಳೆದಂತಿತ್ತು.

ಎದುರು ಬಾಗಿಲು ತಟ್ಟುವ ಮೊದಲೇ ತೆರೆಯಿತು. ಫೆಲಿಸಾ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬಂದ್ಯಾ. ಕೇಳ್ಬೇಡ, ನಾನೇ ಹೇಳ್ತೀನಿ. ನಿನ್ನೆ ಮಧ್ಯಾಹ್ನ ಬೆಲ್ಲಾಯ್ತು. ಯಾರೋ ಹುಡುಗ ಅಂದ್ಕೊಂಡೆ, ಕೂದ್ಲು ಹಂಗಿದೆ. ಫೆಲಿಸಾ, ಗಿಡಕ್ಕೆ ನಾನು ನೀರು ಹಾಕ್ತೀನಿ, ಕೀಲಿ ಕೊಡಿ ಅಂದ್ಳು. ಕೊಟ್ಟೆ. ಒಂದು ಗಂಟೆ ಒಳಗಿದ್ಳು, ಒಂದು ಸದ್ದಿಲ್ಲ, ನಾನು ಇಲ್ಲೇ ನಿಂತಿದ್ದೆ. ಹೊರಗೆ ಬಂದ್ಳು, ನಿನ್ನ ಬಗ್ಗೆ ಏನೂ ಕೇಳ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಹಸಿರು ದಾರ ಬೆರಳಿಗೆ ಸುತ್ಕೊಂಡು ಮೆಟ್ಲಿಳಿದು ಹೋದ್ಳು. ಕೀಲಿ ವಾಪಸ್ ಕೊಡ್ಲಿಲ್ಲ ಕಣೇ. ಬೈಯೋದಾದ್ರೆ ಬೈ. ನಾನೂ ಕೇಳ್ಲಿಲ್ಲ."